ಹೋವರ್ ಸಿಮ್ಯುಲೇಶನ್: ಥ್ರಸ್ಟ್ ಸರಿ ಬಂದ್ರೆ ಸಾಕಾ?

ಮೆಶ್‌ಗಾರ: ಹೆಲಿಕಾಪ್ಟರ್ ಗಾಳಿಯಲ್ಲಿ ಒಂದೇ ಕಡೆ ನಿಲ್ಲೋ (ಹೋವರ್) ಸ್ಥಿತಿಗೆ, ಪ್ರಯೋಗದ ಅಳತೆ ಇರೋ ಕ್ಯಾರಡೊನಾ-ಟಂಗ್ ಮಾದರಿ ರೋಟರನ್ನ ಕಂಪ್ಯೂಟರ್‌ನಲ್ಲಿ ರನ್ ಮಾಡ್ದೆ. 1981ರ ನಾಸಾ ಡೇಟಾ, ಎರಡೇ ಬ್ಲೇಡು, ಟ್ವಿಸ್ಟ್ ಇಲ್ಲ, ನಾಕಾ 0012 ಏರ್‌ಫಾಯಿಲ್ (ಬ್ಲೇಡಿನ ಅಡ್ಡಕೊಯ್ತದ ಆಕಾರ). 8 ಡಿಗ್ರಿ ಕಲೆಕ್ಟಿವ್ (ಎಲ್ಲಾ ಬ್ಲೇಡಿಗೂ ಒಟ್ಟಿಗೆ ಕೊಡೋ ಓರೆ), 1250 ಆರ್‌ಪಿಎಂ. ಬ್ಲೇಡ್ ಮೇಲಿನ ಪ್ರೆಶರ್ ಚೆನ್ನಾಗಿ ಕೂತಿದೆ, ಥ್ರಸ್ಟೂ (ಮೇಲೆತ್ತೋ ಬಲ) ಅಳತೆಗೆ ಹತ್ರ ಬಂತು, ಆದ್ರೆ ಬ್ಲೇಡ್ ತುದಿಯ ಸುಳಿ ಕಾಲು ಸುತ್ತು ಹೋಗೋಷ್ಟ್ರಲ್ಲೇ ಕರಗಿಹೋಗ್ತಿದೆ. ಇದನ್ನ ಹಾಗೇ ಬಿಡಬಹುದಾ?

ಗಾಳಿಪಟ: ಬಿಡಿ. ನಿಮಗೆ ಬೇಕಿರೋದು ಥ್ರಸ್ಟ್ ಅಲ್ವಾ, ಅದು ಬಂತಲ್ಲ. ಅಷ್ಟಕ್ಕೇ ಆದ್ರೆ ಬ್ಲೇಡ್ ಎಲಿಮೆಂಟ್ ಮೊಮೆಂಟಮ್ ಥಿಯರಿನೂ (ಬ್ಲೇಡನ್ನ ತುಂಡುತುಂಡಾಗಿ ನೋಡೋ ಸರಳ ಲೆಕ್ಕ) ಸಾಕಿತ್ತು, ಕ್ಷಣದಲ್ಲಿ ಉತ್ತರ ಕೊಡುತ್ತೆ.

ಸುಳಿಗಾಳಿ: ನಾನು ಒಪ್ಪಲ್ಲ. ಎರಡು ಬ್ಲೇಡ್ ಇದ್ದಾಗ ಒಂದು ಬಿಟ್ಟ ಸುಳಿ ಅರ್ಧ ಸುತ್ತಿಗೆ ಇನ್ನೊಂದರ ಕೆಳಗೆ ಹಾದುಹೋಗುತ್ತೆ, ಅದು ಎಷ್ಟು ಕೆಳಗಿದೆ ಎಷ್ಟು ಒಳಗೆ ಸರಿದಿದೆ ಅನ್ನೋದ್ರ ಮೇಲೇನೇ ಆ ಬ್ಲೇಡ್ ತುದಿಗೆ ಸಿಗೋ ಆಂಗಲ್ ಆಫ್ ಅಟ್ಯಾಕ್ (ಗಾಳಿ ಬ್ಲೇಡಿಗೆ ತಾಗೋ ಕೋನ) ನಿಂತಿರೋದು. ನಿಮ್ಮಲ್ಲಿ ಅಲ್ಲಿಗೆ ಬರೋ ಮುಂಚೆನೇ ಸುಳಿ ಸತ್ತಿದೆ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಆಗಿ ಒಟ್ಟು ಥ್ರಸ್ಟ್ ಸರಿಹೋಗಿರಬಹುದು. ಕಾರ್ಡ್ (ಬ್ಲೇಡಿನ ಅಗಲ) ಸುಮಾರು 19 ಸೆಂಮೀ, ಸುಳಿಯ ಕೋರ್ (ನಡುವಿನ ತಿರುಳು) ಅದರ ಹತ್ತನೇ ಒಂದು ಭಾಗ ಅಂದ್ಕೊಂಡ್ರೂ 2 ಸೆಂಮೀಗಿಂತ ಸ್ವಲ್ಪ ಕಮ್ಮಿನೇ. ವೇಕ್‌ನಲ್ಲಿ (ಬ್ಲೇಡ್ ಹಿಂದೆ ಬಿಟ್ಟ ಗಾಳಿಯಲ್ಲಿ) ನಿಮ್ಮ ಮೆಶ್‌ನ ಸೆಲ್, ಅಂದ್ರೆ ಲೆಕ್ಕದ ಬಲೆಯ ಒಂದು ಕಣ್ಣು, ಎಷ್ಟು ದೊಡ್ಡದು?

ಮೆಶ್‌ಗಾರ: 15 ಮಿಮೀ.

ಸುಳಿಗಾಳಿ: ಅಂದ್ರೆ ಇಡೀ ಕೋರ್‌ಗೆ ಒಂದೇ ಸೆಲ್ಲು! ಹತ್ತಾದ್ರೂ ಬೇಕು. ಗಾಳಿಯ ಸ್ನಿಗ್ಧತೆ ಅಲ್ಲ, ನಿಮ್ಮ ಮೆಶ್ಶೇ ಅದನ್ನ ಕರಗಿಸ್ತಿರೋದು.

ಮೆಶ್‌ಗಾರ: 2 ಮಿಮೀ ಮಾಡಿದ್ರೆ ಸೆಲ್ ಲೆಕ್ಕ 400 ಪಟ್ಟು ದಾಟುತ್ತೆ, ನನ್ನ ಮಷೀನ್ ತಡ್ಕೊಳಲ್ಲ.

ಗಾಳಿಪಟ: ಅದಕ್ಕೇ ಹೇಳ್ತಿರೋದು, ಫ್ರೀ ವೇಕ್ ಅನ್ನೋ ವಿಧಾನ ಹಾಕಿ. ಅಲ್ಲಿ ಸುಳಿ ಅಂದ್ರೆ ಒಂದು ಗೆರೆ, ಮೆಶ್ಶೇ ಇಲ್ಲ, ಹಾಗಾಗಿ ಕರಗೋ ಪ್ರಶ್ನೆನೇ ಬರಲ್ಲ.

ಸುಳಿಗಾಳಿ: ಹೌದು, ಆದ್ರೆ ಕೋರ್ ಎಷ್ಟು ದಪ್ಪ, ಹೇಗೆ ಹಿಗ್ಗುತ್ತೆ ಅಂತ ನಾವೇ ಕೈಯಿಂದ ಕೊಡಬೇಕು. ಇಳಿಯುವಾಗ ಬ್ಲೇಡು ಸುಳಿಗೆ ಬಡಿದು ಪಟಪಟ ಸದ್ದು ಬರುತ್ತಲ್ಲ, ಅಲ್ಲಿ ಆ ಒಂದು ಸಂಖ್ಯೆ ತಪ್ಪಿದ್ರೂ ಸದ್ದಿನ ಲೆಕ್ಕ ಹಾಳು.

ರೆಕ್ಕೆಬಾಗು: ಮುಂದಕ್ಕೆ ಹಾರೋ ಕೇಸಿಗೆ ಹೋದ್ರೆ ಬ್ಲೇಡ್ ಬಾಗೋದು, ತಿರುಚೋದೂ ಸೇರಿಸ್ಲೇಬೇಕು. ಗಟ್ಟಿ ಬ್ಲೇಡ್ ಅಂತ ಇಟ್ಕೊಂಡು ಮೆಶ್ ಎಷ್ಟೇ ನಯ ಮಾಡಿದ್ರೂ ಲೋಡ್ ಕೂರಲ್ಲ. ಹೋವರ್‌ಗೆ, ಅದೂ ಈ ಗಿಡ್ಡ ಬ್ಲೇಡಿಗೆ, ಆ ತಲೆನೋವಿಲ್ಲ.

ಸುಳಿಗಾಳಿ: ಮೆಶ್‌ಗಾರ ಅವ್ರೇ, ಇಡೀ ಡೊಮೇನ್ (ಲೆಕ್ಕದ ಜಾಗ) ಬೇಡ, ಸುಳಿ ಹೋಗೋ ದಾರಿಲಿ ಮಾತ್ರ ಸೆಲ್ ಸಣ್ಣ ಮಾಡಿ, ಹೈ ಆರ್ಡರ್ ಸ್ಕೀಮ್ (ಸುಳಿಯನ್ನ ಕಮ್ಮಿ ಕರಗಿಸೋ ನಿಖರ ಲೆಕ್ಕದ ವಿಧಾನ) ಹಾಕಿ. ಆ ಪ್ರಯೋಗದಲ್ಲೇ ಹಾಟ್ ವೈರ್ (ಗಾಳಿಯ ವೇಗ ಅಳೆಯೋ ಬಿಸಿ ತಂತಿ) ಇಟ್ಟು ಸುಳಿಯ ದಾರಿ ಅಳೆದಿದ್ದಾರೆ, ಥ್ರಸ್ಟ್ ಬದ್ಲು ಅದರ ಜೊತೆ ಹೋಲಿಸಿ.

ಮೆಶ್‌ಗಾರ: ಸರಿ, ಮೊದಲ ಒಂದು ಸುತ್ತಿನವರೆಗೆ ಹಾಗೆ ಮಾಡ್ತೀನಿ. ರನ್ ಮುಗಿದ ಮೇಲೆ ಸುಳಿಯ ದಾರಿಯ ಪ್ಲಾಟ್ ಇಲ್ಲೇ ಹಾಕ್ತೀನಿ.