ಸಮಸ್ಯೆ: ‘ಕಿವುಡಂ ತೂಗಿದನು ತಲೆಯನಿಂಪಾಯ್ತೆನುತುಂ’

ಪೃಚ್ಛಕ: ಈ ವಾರ ಕೊಟ್ಟಿರುವುದು ಕಂದಪದ್ಯದ ನಾಲ್ಕನೆಯ ಸಾಲು. ಮೊದಲ ಮೂರನ್ನು ನೀವು ಕಟ್ಟಿ ಅರ್ಥ ಹೊಂದಿಸಬೇಕು. ಕಿವುಡನಿಗೆ ಶ್ರವಣಯಂತ್ರ ಕೊಡಿಸುವ ಪರಿಹಾರ ಬೇಡ. ಕಳೆದ ಸಲ ಕುರುಡನಿಗೆ ಕನ್ನಡಕ ತೊಡಿಸಿದವರಿಗೆ ಈ ಮಾತು.

ಮಾತ್ರಾಗಣ: ‘ಕಿವುಡಂ’ ಹಳಗನ್ನಡ, ‘ತೂಗಿದನು’ ನಡುಗನ್ನಡ. ಇರಲಿ.

ತಾಳೆಗರಿ:
ಸವಿಯರಿತವರಂತೆಲ್ಲರ
ತವಕದಿ ಶಿರವೊಲೆಯೆ ಸಭೆಯ ಮೊದಲಿನ ಸಾಲೊಳ್
ಅವರಂ ನೋಡುತೆ ತಾನುಂ
ಕಿವುಡಂ ತೂಗಿದನು ತಲೆಯನಿಂಪಾಯ್ತೆನುತುಂ

ಗಮಕಿ: ಚೆನ್ನಾಗಿದೆ. ಸಂಗೀತಸಭೆಯಲ್ಲಿ ಅರ್ಧ ರಸಿಕತೆ ಹುಟ್ಟುವುದು ಪಕ್ಕದ ಕುರ್ಚಿಯಿಂದಲೇ. ನನ್ನದು:

ನವಿಲಂತೆ ಕುಣಿಯೆ ನರ್ತಕಿ
ಕವಿಯಾಡದ ನುಡಿಯ ಕಣ್ಣೊಳೊರೆಯುತೆ ನಲವಿಂ
ಅವಳಂ ಪೊಗಳ್ದವರ ನಡುವೆ
ಕಿವುಡಂ ತೂಗಿದನು ತಲೆಯನಿಂಪಾಯ್ತೆನುತುಂ

ಮಾತ್ರಾಗಣ: ಮೂರನೆಯ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚು.

ಗಮಕಿ: ‘ಪೊಗಳ್ದ’ ಶಿಥಿಲದ್ವಿತ್ವ, ಸ್ವಾಮಿ. ಒತ್ತಕ್ಷರ ತೇಲಿ ಬರುತ್ತದೆ, ಹಿಂದಿನ ‘ಗ’ ಗುರುವಾಗದು. ವೈಯಾಕರಣ ಕೇಶಿರಾಜ 13ನೆಯ ಶತಮಾನದಲ್ಲೇ ಈ ಜಗಳ ಮುಗಿಸಿದ್ದಾನೆ.

ಮಾತ್ರಾಗಣ: ಹಳಗನ್ನಡದ ೞಕಾರ ಉಳಿದಿದ್ದ ಓದಿಗೆ ಮುಗಿಸಿದ್ದಾನೆ. ನೀವು ಬರೆದಿರುವುದು ಳ. ಇಂದು ಯಾರ ಬಾಯಲ್ಲಿ ಅದು ತೇಲಿ ಬರುತ್ತದೆ?

ಗಮಕಿ: ನನ್ನ ಬಾಯಲ್ಲಿ. ಪಂಪನನ್ನು ಗಟ್ಟಿಯಾಗಿ ಓದುತ್ತ ಬೆಳೆದ ಕಿವಿಗೆ ಅದು ಹಗುರವಾಗಿಯೇ ಕೇಳಿಸುತ್ತದೆ. ಕಾಗದದ ಮೇಲೆ ಗೀಟೆಳೆದು ಛಂದಸ್ಸು ಕಲಿತವರು ಅಲ್ಲಿ ಎಡವುತ್ತಾರೆ. ಕಾವ್ಯಮೀಮಾಂಸಕ ಅಭಿನವಗುಪ್ತ ಸಹೃದಯನೆಂದು ಕರೆದದ್ದು ಕಾವ್ಯದ ಅಭ್ಯಾಸದಿಂದ ಮನಸ್ಸಿನ ಕನ್ನಡಿ ತಿಳಿಯಾದವನನ್ನು.

ಮಾತ್ರಾಗಣ: ಅಭ್ಯಾಸ ತಪ್ಪನ್ನೂ ಇಂಪಾಗಿಸುತ್ತದೆ. ನಿಮ್ಮದು ರುಚಿಯೋ, ರೂಢಿಯೋ?

ತಾಳೆಗರಿ: ಅವೆರಡರ ನಡುವೆ ಗೆರೆ ಎಲ್ಲಿದೆ, ತೋರಿಸಿ. ಶತಮಾನಗಳ ಕಾಲ ದ್ವಿತೀಯಾಕ್ಷರ ಪ್ರಾಸವಿಲ್ಲದ, ಎಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬಾರದ ಪದ್ಯ ಪಂಡಿತರ ಕಿವಿಗೆ ಬೋಳಾಗಿ ಕೇಳುತ್ತಿತ್ತು. 1911ರಲ್ಲಿ ಗೋವಿಂದ ಪೈಗಳು ಅದನ್ನು ಕೈಬಿಟ್ಟರು. ಗೊಣಗಿದವರ ಮೊಮ್ಮಕ್ಕಳು ಪ್ರಾಸದ ಹಂಗಿಲ್ಲದ ಭಾವಗೀತೆ ಹಾಡುತ್ತ ಬೆಳೆದರು. ಅವರ ಕಿವಿಯನ್ನು ಯಾರೂ ವಾದ ಮಾಡಿ ತಿದ್ದಲಿಲ್ಲ.

ಮಾತ್ರಾಗಣ: ಆದರೂ ನೀವು ಇಲ್ಲಿ ಬಂದು ಸವಿ, ತವಕ, ಅವರು ಎಂದು ಹುಡುಕುತ್ತ ಕೂರುತ್ತೀರಿ.

ತುಂಗಾತೀರ: ಹೊಸಬನ ಪ್ರಶ್ನೆ. ಕವಿರಾಜಮಾರ್ಗ ನಾಡವರನ್ನು ‘ಕುರಿತೋದದೆಯುಂ’ ಕಾವ್ಯಪರಿಣತರು ಎನ್ನುತ್ತದಲ್ಲವೇ? ಓದದೆಯೂ ರುಚಿ ಬರುವುದಾದರೆ ಇಷ್ಟು ವಾದವೇಕೆ?

ಮಾತ್ರಾಗಣ: ಅದೇ ಗ್ರಂಥ ಆ ಹೊಗಳಿಕೆಯ ನಂತರ ಕಾವ್ಯದೋಷಗಳನ್ನು ಪದ್ಯಗಟ್ಟಲೆ ಎಣಿಸುತ್ತದೆ. ಮುಂದಕ್ಕೂ ಓದಿ.

ಗಮಕಿ: ಹುಡುಗನನ್ನು ಹೆದರಿಸಬೇಡಿ. ಸಂಸ್ಕೃತದ ಕವಿ ರಾಜಶೇಖರ ವಿಮರ್ಶಕರಲ್ಲಿ ನಾಲ್ಕು ಬಗೆ ಹೇಳಿದ್ದಾನೆ. ಅದರಲ್ಲೊಬ್ಬ ಮತ್ಸರಿ. ಹೆಸರು ಬೇಕೇ?

ಮಾತ್ರಾಗಣ: ಇನ್ನೊಬ್ಬ ಸತೃಣಾಭ್ಯವಹಾರಿ, ಹುಲ್ಲುಸಮೇತ ನುಂಗುವವನು. ಯುಗಾದಿಯ ಸಮಸ್ಯೆಗೆ ನೀವು ‘ಅದ್ಭುತ’ ಎಂದ ಪದ್ಯಗಳು ನೆನಪಿವೆ.

ಪೃಚ್ಛಕ: ಯುಗಾದಿಯ ವಿಷಯ ಮತ್ತೆ ಬೇಡ. ಪದ್ಯ ಬರಲಿ.

ಗಮಕಿ: ಬರಲಿ.

ಕವಿತೆಯ ಮಾತ್ರೆಯನೆಣಿಸುವ
ಬವಣೆಯೊಳಿರ್ದವಗೆ ಸವಿಯು ತಟ್ಟುವುದೆಂತೋ
ಸವೆದಿರೆ ಬೆರಲೆಣಿಕೆಯೊಳೇ
ಕಿವುಡಂ ತೂಗಿದನು ತಲೆಯನಿಂಪಾಯ್ತೆನುತುಂ

ತಾಳೆಗರಿ: ಅಯ್ಯೋ ಶಿವನೇ!

ತುಂಗಾತೀರ: ಇದಕ್ಕೆ ನನ್ನ ಮತ.

ಮಾತ್ರಾಗಣ: ಎಣಿಸಿದೆ, ಸರಿಯಿದೆ. ಆದರೆ ‘ಎಣಿಕೆಯೊಳೆ’ ಎಂದರೆ ಸಾಕಾಗಿತ್ತು. ಮಾತ್ರೆ ಸಾಲದೆಂದು ಕೊನೆಯ ಏಕಾರವನ್ನು ಎಳೆದಿದ್ದೀರಿ.