ಎರಡು ಕೋಣೆ ಮನೆಗೆ ಯಾವ ಆಮೆ ಸರಿ? ಬಲ್ಲವರು ಹೇಳ್ರಿ

ಕೇಳಿದವರು, ಜೇವರ್ಗಿ ಕಾಲೊನಿ, ಕಲಬುರಗಿ

ಎರಡನೇ ಮಹಡಿಯ ಬಾಡಿಗೆ ಮನೆ. ಹಾಲ್ 10×12 ಅಡಿ, ಪಡುವಣಕ್ಕೆ 3×8 ಅಡಿ ಬಾಲ್ಕನಿ. ಮಗನಿಗೆ 9 ವರ್ಷ, ಮಗಳಿಗೆ 4. ಅಂಗಡಿಯಲ್ಲಿ ನಾಣ್ಯದಷ್ಟು ಅಗಲದ ಹಸಿರು ಮರಿಗಳಿವೆ. ಇನ್ನೊಬ್ಬರು ನಕ್ಷತ್ರ ಆಮೆ ತರಿಸಿಕೊಡ್ತೀನಿ ಅಂತಾರೆ. ಯಾವುದು ತರಲಿ? ರೊಕ್ಕಕ್ಕಿಂತ ಜಾಗದ್ದೇ ಚಿಂತೆ.

ಕಲಬುರಗಿಯಿಂದ ಒಬ್ಬರು

ನಕ್ಷತ್ರ ಆಮೆಯ ಮಾತು ಇಲ್ಲಿಗೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಅದು ಅತಿ ಹೆಚ್ಚು ರಕ್ಷಣೆಯ ಪಟ್ಟಿಯಾದ ಅನುಸೂಚಿ 1ರಲ್ಲಿದೆ. ಮನೆಯಲ್ಲಿ ಸಿಕ್ಕರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. "ಫಾರಂನಲ್ಲಿ ಹುಟ್ಟಿದ್ದು, ಪೇಪರ್ ಕೊಡ್ತೀವಿ" ಅನ್ನುವವರ ಪೇಪರ್ ಯಾವ ಠಾಣೆಯಲ್ಲೂ ನಡೆಯುವುದಿಲ್ಲ. 2019ರಲ್ಲಿ ಸೈಟಿಸ್ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ) ಒಪ್ಪಂದ ಇದನ್ನು ಮೊದಲ ಪಟ್ಟಿಗೇರಿಸಿತು. ಅಂದರೆ ಅಂತರರಾಷ್ಟ್ರೀಯ ವ್ಯಾಪಾರವೂ ಬಂದ್.

ಹೊಲದ ಬಾವಿಯಲ್ಲಿ, ಕೆರೆಯಲ್ಲಿ ಸಿಗುವ ಆಮೆಗೂ ಇದೇ ಮಾತು. ಚಿಪ್ಪಿನ ತಳದಲ್ಲಿ, ಹಿಂಗಾಲನ್ನು ಮುಚ್ಚಿಕೊಳ್ಳುವ ಎರಡು ಮಡಿಕೆ ಇದ್ದರೆ ಅದು ನಮ್ಮದೇ ನೀರಿನ ಮೆದುಚಿಪ್ಪಿನ ಆಮೆ, ಅದೂ ಅನುಸೂಚಿ 1. ವಾಸ್ತುಗೆ ಒಳ್ಳೆಯದು, ಲಕ್ಷ್ಮಿ ಬರ್ತಾಳೆ ಅಂತ ಹಿಡಿದು ತಂದು ತೊಟ್ಟಿಗೆ ಬಿಡುವವರು ಈ ಕಡೆ ಇದ್ದಾರೆ, ಬರುವುದು ಮಾತ್ರ ಅರಣ್ಯ ಇಲಾಖೆಯವರು.

ಅಕ್ವೇರಿಯಂ ಕೆಲಸದವರು, ಸೂಪರ್ ಮಾರ್ಕೆಟ್

ಅಣ್ಣಾರ, ಅಂಗಡ್ಯಾಗಿನ ಹಸಿರು ಮರಿ ಅಂದ್ರ ಕೆಂಪು ಕಿವಿಯ ಸ್ಲೈಡರ್. ಕಣ್ಣಿನ ಹಿಂದ ಕೆಂಪು ಪಟ್ಟಿ ಇರ್ತದ, ನೋಡ್ರಿ. ಇದು ಅಮೆರಿಕದ ನೀರಾಮಿ, ನೆಲದ ಮ್ಯಾಲ ಬಿಡೂದಲ್ಲ. ನಾಣ್ಯದಷ್ಟು ಇದ್ದದ್ದು ಹೆಣ್ಣಾದ್ರ 10–11 ಇಂಚು, ಗಂಡಾದ್ರ 6–8 ಇಂಚು ಆಗ್ತದ. 30 ವರ್ಷ ಬದುಕೂದೂ ಉಂಟು. ಮರಿ ಇದ್ದಾಗ ಗಂಡೋ ಹೆಣ್ಣೋ ಗೊತ್ತಾಗೂದಿಲ್ಲ. 4 ಇಂಚು ದಾಟಿದ ಮ್ಯಾಲ ಮುಂಗಾಲಿನ ಉಗುರು ಉದ್ದ, ಬಾಲ ದಪ್ಪ ಇದ್ರ ಗಂಡು. ಅದಕ್ಕ ಸಣ್ಣ ಮನಿಗೆ ಮರಿ ಬ್ಯಾಡ, ಬೆಳೆದ ಗಂಡು ನೋಡ್ರಿ. ಸಾಕಲಾರದೆ ಕೊಡಾವರು ಊರಾಗ ಭಾಳ ಮಂದಿ ಇದ್ದಾರ, ಪುಕ್ಕಟೆ ಸಿಗ್ತದ.

ಈಗ ಜಾಗದ ಲೆಕ್ಕ. ಚಿಪ್ಪಿನ ಒಂದು ಇಂಚಿಗೆ 40 ಲೀಟರ್ ನೀರು. 6 ಇಂಚಿನ ಗಂಡಿಗೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ಗಾಜಿನ ಟ್ಯಾಂಕಿಗೆ 18 ಇಂಚು ನೀರು ತುಂಬ್ರಿ, ಸುಮಾರು 255 ಲೀಟರ್ ಹಿಡೀತದ. ಮ್ಯಾಲಿನ 6 ಇಂಚು ಖಾಲಿ ಬಿಡ್ರಿ, ಇಲ್ಲಂದ್ರ ಹತ್ತಿ ಹೊರಗ ಬೀಳ್ತದ. ಅಂಗಡ್ಯಾಗ ತಾಳೆಗಿಡ ಇಟ್ಟ ಪ್ಲಾಸ್ಟಿಕ್ ದ್ವೀಪದ ಡಬ್ಬಿ ಕೊಡ್ತಾರಲ್ಲ, ಅದು ಆಮಿಗಲ್ಲ, ಗಿರಾಕಿಗೆ.

ನೀರು, ಗಾಜು, ಸ್ಟ್ಯಾಂಡ್ ಎಲ್ಲಾ ಕೂಡಿ 350 ಕೆಜಿ ಸಮೀಪ ಆಗ್ತದ. ಮನಿ ಸ್ಲ್ಯಾಬ್‌ನ್ನ ಚದರ ಮೀಟರಿಗೆ 200 ಕೆಜಿ ಲೆಕ್ಕದಾಗ ಕಟ್ಟಿರ್ತಾರ. ಅದಕ್ಕ ನಡುಮನ್ಯಾಗ ಇಡಬ್ಯಾಡ್ರಿ, ಕೆಳಗ ತೊಲಿ ಇರೋ ಗ್ವಾಡಿಗೆ ಹಚ್ಚಿ ಇಡ್ರಿ. ಪಡುವಣ ಬಾಲ್ಕನಿ ಅಂತೂ ಬ್ಯಾಡೇ ಬ್ಯಾಡ. ಭಾರಕ್ಕೂ ಆಗೂದಿಲ್ಲ, ಏಪ್ರಿಲ್ ಮಧ್ಯಾಹ್ನ 3ರ ಬಿಸಿಲಿಗೆ ಗಾಜಿನ ಟ್ಯಾಂಕ್ ಕುದ್ದು ಹೋಗ್ತದ.

ಫಿಲ್ಟರ್ ಟ್ಯಾಂಕಿನ ನೀರು ಗಂಟೆಗೆ 3 ಸಲ ತಿರುಗಿಸುವಂಥದ್ದು, ಅಂದ್ರ ಗಂಟೆಗೆ 750–800 ಲೀಟರ್ ತಿರುಗಿಸೋ ಕ್ಯಾನಿಸ್ಟರ್ (ಟ್ಯಾಂಕಿನ ಹೊರಗ ಇಡೋ ಡಬ್ಬಿ ಫಿಲ್ಟರ್). ಮೀನಿಗೆ ಹಾಕೋ ಸ್ಪಾಂಜ್ ಫಿಲ್ಟರ್ ಸಾಲೂದಿಲ್ಲ, ಆಮಿ ಹೊಲಸು ಭಾಳ. ವಾರಕ್ಕ ಮೂರರಾಗ ಒಂದು ಪಾಲು ನೀರು ಬದಲಿಸ್ರಿ, ನಲ್ಲಿ ನೀರು ಒಂದು ದಿನ ತೆರೆದ ಬಕೆಟ್‌ನ್ಯಾಗ ಇಟ್ಟು ಹಾಕ್ರಿ. ಬೋರ್ ನೀರಿನ ಗಡಸಿಗೆ ಗಾಜಿಗೆ ಬಿಳಿ ಪಟ್ಟಿ ಕಟ್ತದ, ಆಮಿಗೆ ಏನೂ ಆಗೂದಿಲ್ಲ. ತಳಕ್ಕ ಸಣ್ಣ ಹರಳು ಹಾಕಬ್ಯಾಡ್ರಿ, ನುಂಗಿ ಕರುಳು ಕಟ್ತದ. ಹಾಕೂದಿದ್ರ ಅದರ ತಲಿಗಿಂತ ದೊಡ್ಡ ಕಲ್ಲು.

ಬೀದರಿನ ಪಶುವೈದ್ಯೆ

ಮಗಳಿಗೆ 4 ವರ್ಷ ಅಂದಿರಿ, ಅಲ್ಲಿಂದಲೇ ಶುರು ಮಾಡುತ್ತೇನೆ. ಆರೋಗ್ಯವಾಗಿ ಕಾಣುವ ಆಮೆಯ ಮೈಯಲ್ಲೂ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳು ಮರಿಗಳನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬಿದ್ದಿದ್ದಕ್ಕೇ ಅಮೆರಿಕ 1975ರಲ್ಲಿ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿತು. 5 ವರ್ಷದೊಳಗಿನ ಮಗು, ಬಸುರಿ, ತೀರಾ ವಯಸ್ಸಾದವರು ಮನೆಯಲ್ಲಿದ್ದರೆ ಒಂದು ವರ್ಷ ತಡೆಯುವುದೇ ಲೇಸು. ತಂದರೂ ಟ್ಯಾಂಕಿನ ನೀರು, ಫಿಲ್ಟರ್ ಯಾವುದನ್ನೂ ಅಡುಗೆಮನೆ ಸಿಂಕಿನಲ್ಲಿ ತೊಳೆಯಬಾರದು. ಬಚ್ಚಲಿಗೆ ಬೇರೆ ಬಕೆಟ್, ಬೇರೆ ಬ್ರಷ್ ಇರಲಿ. ಮುಟ್ಟಿದ ಕೈಯನ್ನು ಸೋಪಿನಿಂದ 20 ಸೆಕೆಂಡ್ ತೊಳೆಯಬೇಕು, ಮಗುವಿನ ಕೈಯನ್ನು ದೊಡ್ಡವರೇ ತೊಳೆಸಬೇಕು.

ಚಿಕಿತ್ಸೆಗೆ ಬರುವ ನೀರಾಮೆಗಳಲ್ಲಿ ಮುಕ್ಕಾಲು ಪಾಲು ತೊಂದರೆ ಎರಡೇ ಕಡೆಯಿಂದ: ಬೆಳಕು ಮತ್ತು ಆಹಾರ. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲು ಆಮೆಗೆ ಉಪಯೋಗವಿಲ್ಲ, ಬಿಸಿಲಿನ ಯುವಿಬಿ (ಅತಿನೇರಳೆ) ಕಿರಣವನ್ನು ಗಾಜು ತಡೆಯುತ್ತದೆ. ಆ ಕಿರಣವಿಲ್ಲದೆ ವಿಟಮಿನ್ ಡಿ3 ಆಗುವುದಿಲ್ಲ, ಕ್ಯಾಲ್ಸಿಯಂ ಹಿಡಿಯುವುದಿಲ್ಲ, ಚಿಪ್ಪು ಹೆಬ್ಬೆರಳಿಗೆ ಮೆತ್ತಗೆ ಒತ್ತುತ್ತದೆ. ನೀರಿನ ಮೇಲೆ ಒಣ ಹಲಗೆ ಕಟ್ಟಿ, ಅದರಿಂದ 25–30 ಸೆಂ.ಮೀ. ಎತ್ತರದಲ್ಲಿ 5.0 ಯುವಿಬಿ ಟ್ಯೂಬ್ ಹಾಕಿ. ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಿ, ಬೆಳಕು ಉಳಿದರೂ ಕಿರಣ ಉಳಿಯುವುದಿಲ್ಲ. ಹಲಗೆಯ ಮೇಲೆ 30–32 ಡಿಗ್ರಿ, ನೀರಿನಲ್ಲಿ 24–27 ಡಿಗ್ರಿ ಇರಬೇಕು.

ಬರೀ ಒಣ ಸೀಗಡಿ ತಿಂದ ಆಮೆಗೆ ವಿಟಮಿನ್ ಎ ಕಡಿಮೆಯಾಗಿ ಕಣ್ಣು ಊದಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಕಾಣುವುದಿಲ್ಲ, ಕಾಣದ್ದಕ್ಕೆ ತಿನ್ನುವುದಿಲ್ಲ. ಮನೆಯವರು ನಿದ್ದೆ ಮಾಡ್ತಿದೆ ಅಂದುಕೊಳ್ಳುತ್ತಾರೆ. ಬೆಳೆದ ಆಮೆಗೆ ದಿನ ಬಿಟ್ಟು ದಿನ, ಅದರ ತಲೆಯಷ್ಟು ಪ್ರಮಾಣದ ಪೆಲೆಟ್ (ಆಮೆಯ ಸಿದ್ಧ ಆಹಾರದ ಕಾಳು) ಸಾಕು. ನಡುವೆ ಗಜ್ಜರಿ ತುರಿ, ನುಗ್ಗೆಸೊಪ್ಪು ಕೊಡಿ. ಅನ್ನ, ರೊಟ್ಟಿ, ಹಾಲು, ಬ್ರೆಡ್ ಬೇಡ.

ಗಂಡೇ ಬೇಕು ಅಂದದ್ದಕ್ಕೆ ನನ್ನ ಕಡೆಯಿಂದ ಇನ್ನೊಂದು ಕಾರಣ: ಹೆಣ್ಣು ಒಂಟಿಯಾಗಿದ್ದರೂ ಮೊಟ್ಟೆ ಕಟ್ಟುತ್ತದೆ. ಇಡಲು ಮಣ್ಣು ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಪ್ರಾಣಕ್ಕೆ ಬರುತ್ತದೆ.

ಕೇಳಿದವರು

ಹಾಗಾದ್ರೆ ವಿದೇಶಿ ನೆಲದ ಆಮೆ? ನೀರು, ಫಿಲ್ಟರ್ ಗೊಡವೆ ಇರುವುದಿಲ್ಲವಲ್ಲ.

ಯಾದಗಿರಿಯಿಂದ

ನೀರಿನ ಗೊಡವಿ ಇಲ್ಲ ಖರೇ, ಕಾಗದದ ಗೊಡವಿ ಅದ. ನೆಲದ ಆಮಿ ಎಲ್ಲಾ ಸೈಟಿಸ್ ಪಟ್ಟಿಯಾಗ ಬರ್ತಾವ. 2024ರ ನಿಯಮದ ಪ್ರಕಾರ ಕೈಗೆ ಬಂದ 30 ದಿನದೊಳಗ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದಾಗ ನೋಂದಣಿ ಮಾಡಿಸಬೇಕು. ಮಾರಾವರ ಹೆಸರಿನ ನೋಂದಣಿ ತೋರಸ್ರಿ ಅಂತ ಮೊದಲು ಕೇಳ್ರಿ, ಇಲ್ಲಂದ್ರ ಅಲ್ಲಿಂದ ಎದ್ದು ಬರ್ರಿ.

ಜಾತಿ ನೋಡಿದ್ರ, ಸುಲ್ಕಾಟಾ ಮರಿ ಅಂಗೈಯಾಗ ಚಂದ ಕಾಣ್ತದ, ಬೆಳೆದ್ರ 40 ಕೆಜಿ ಮ್ಯಾಲ. ನೆಲ ತೋಡೂದು ಅದರ ಸ್ವಭಾವ, ಬಾಡಿಗಿ ಮನಿಗೆ ಅಲ್ಲ. ಕೆಂಪು ಕಾಲಿನದು ಒಂದಡಿ ದಾಟ್ತದ, ಅದಕ್ಕ ತೇವ ಹವಾ ಬೇಕು, ನಮ್ಮ ಒಣ ಬ್ಯಾಸಿಗಿಗೆ ಹೊಂದೂದಿಲ್ಲ. ರಷ್ಯನ್, ಹರ್ಮನ್ ಜಾತಿ 6–8 ಇಂಚಿಗೆ ನಿಲ್ತಾವ. ಆದ್ರ ಅವಕ್ಕೂ 8×4 ಅಡಿ ನೆಲ ಬೇಕು, ನಿಮ್ಮ ಹಾಲಿನ ಕಾಲು ಭಾಗಕ್ಕಿಂತ ಹೆಚ್ಚು ಹೋತು. ಶಹಾಬಾದ್ ಕಲ್ಲಿನ ನೆಲಕ್ಕ ಹಂಗೇ ಬಿಟ್ರ ಕಾಲು ಜಾರಿ ಕೀಲು ಕೆಡ್ತಾವ, ಚಳಿಗಾಲದಾಗ ಹೊಟ್ಟಿ ತಣ್ಣಗಾಗಿ ತಿಂದದ್ದು ಅರಗೂದಿಲ್ಲ. 4 ಇಂಚು ದಪ್ಪ ಮಣ್ಣು, ತೆಂಗಿನ ನಾರಿನ ಪುಡಿ ಕಲಸಿ ಹಾಕಬೇಕು.

ಮೇವಿಗೆ ಮಾತ್ರ ನಮ್ಮ ಸೀಮಿ ಛಲೋ. ಹತ್ತರಕಿ, ಕರಿಕಿ ಹುಲ್ಲು, ದಾಸವಾಳದ ಎಲಿ ಹೂವು, ಮುಳ್ಳು ಸುಟ್ಟ ಪಾಪಾಸುಕಳ್ಳಿ. ಪಾಲಕ್, ರಾಜಗಿರಿ, ಪುಂಡಿಪಲ್ಲೆ ದಿನಾ ಹಾಕಬ್ಯಾಡ್ರಿ, ಅದರಾಗಿನ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಕೋತದ. ತೊಗರಿ ಬ್ಯಾಳಿ ಕೊಡಲೇಬಾರದು.

ಅಕ್ವೇರಿಯಂ ಕೆಲಸದವರು

ಯಾದಗಿರಿ ಸಾಹೇಬರ ಮಾತು ಒಪ್ಪಿದೆ. ನಿಮ್ಮ ಮನಿಗೆ ಬೆಳೆದ ಒಂದೇ ಒಂದು ಗಂಡು ಸ್ಲೈಡರ್, ಅದೂ ಮಗಳು 5 ದಾಟಿದ ಮ್ಯಾಲ. "ಒಂಟಿ ಆಗ್ತದ" ಅಂತ ಜೋಡಿ ತಂದ್ರ ಕಚ್ಚಾಡ್ತಾವ.

ಬ್ಯಾಸಿಗ್ಯಾಗ ನೀರು 30 ಡಿಗ್ರಿ ದಾಟಿದ್ರ ನೀರಿನ ಮ್ಯಾಲ ಸಣ್ಣ ಟೇಬಲ್ ಫ್ಯಾನ್ ತಿರುಗಿಸ್ರಿ. ಹವಾ ಒಣ ಇರೂದ್ರಿಂದ ನೀರು ಆವಿಯಾಗಿ 2–3 ಡಿಗ್ರಿ ಇಳೀತದ. ಬರ್ಫ್ ಗಡ್ಡಿ ನೇರ ಹಾಕಬ್ಯಾಡ್ರಿ. ಏರ್ ಕೂಲರ್ ಗಾಳಿ ಬಡಿಯೋ ಜಾಗದಾಗ ಟ್ಯಾಂಕ್ ಇಡಬ್ಯಾಡ್ರಿ, ಹಲಗಿ ಮ್ಯಾಲ ಕೂತ ಆಮಿಗೆ ಥಂಡಿ ಹತ್ತಿ ನ್ಯುಮೋನಿಯಾ ಆಗ್ತದ.

ತಗೋಳೋ ಮೊದಲು ನೀರಿಗೆ ಬಿಡಿಸಿ ನೋಡ್ರಿ. ಒಂದು ಬದಿಗೆ ವಾಲಿ ತೇಲಿದ್ರ, ಮೂಗಿನಾಗ ಗುಳ್ಳಿ ಬಂದ್ರ, ಬಾಯಿ ತೆರೆದು ಉಸಿರಾಡಿದ್ರ ಪುಪ್ಪುಸ ಕೆಟ್ಟದ ಅಂತ ತಿಳೀರಿ. ಸ್ಲೈಡರ್ ಬ್ಯಾಡ ಆದ ಮ್ಯಾಲ ಅಪ್ಪನ ಕೆರಿಗೋ ಭೀಮಾ ಹೊಳಿಗೋ ಬಿಡಾವರು ಇದ್ದಾರ. ಅಲ್ಲಿ ನಮ್ಮ ಆಮಿಗಳ ಮೇವು, ಬಿಸಿಲಿಗೆ ಕೂಡೋ ಜಾಗ ಎರಡೂ ಕಸಗೋತದ. ಕೊಡೂದಿದ್ರ ಸಾಕಾವರ ಕೈಯಾಗೇ ಕೊಡ್ರಿ.

ಬೀದರಿನ ಪಶುವೈದ್ಯೆ

ಬಾಯಿ ತೆರೆದು ಉಸಿರಾಡುವ ಆಮೆ ನಾಳೆವರೆಗೆ ಕಾಯುವಂಥದ್ದಲ್ಲ. ನಾಯಿ, ದನ ನೋಡುವ ಎಲ್ಲರೂ ಆಮೆ ನೋಡುವುದಿಲ್ಲ, ಫೋನಿನಲ್ಲಿ ಮೊದಲೇ ಕೇಳಿಕೊಳ್ಳಿ. ಬೀದರ್ ನಂದಿನಗರದ ಪಶುವೈದ್ಯಕೀಯ ಕಾಲೇಜಿಗೂ ತರಬಹುದು. ಬಸ್ಸಿನಲ್ಲಿ ನೀರು ತುಂಬಿದ ಬಕೆಟ್ ಬೇಡ, ನಿತ್ರಾಣವಾದ ಆಮೆ ಅದರಲ್ಲೇ ಮುಳುಗುತ್ತದೆ. ಗಾಳಿಗೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಂಡಿದ ಒದ್ದೆ ಟವೆಲ್ ಹಾಸಿ ಕೂಡಿಸಿ. ಬೇಸಿಗೆಯಲ್ಲಾದರೆ ಬೆಳಗಿನ ಮೊದಲ ಬಸ್ಸಿಗೆ ಹೊರಡಿ.