ಹಲ್ಕ್ 181 ಗ್ರೇಡಿಂಗ್‌ಗೆ ಕಳಿಸಲಾ? ಅನುಭವ ಇದ್ದವರು ಹೇಳಿ

ಎಡಿಸನ್ ಕನ್ನಡಿಗ:
ನನ್ನ ಹತ್ತಿರ ಮಾರ್ವೆಲ್‌ನವರ 1974ರ ಹಲ್ಕ್ ಕಾಮಿಕ್‌ನ 181ನೇ ಸಂಚಿಕೆ ಇದೆ, ವುಲ್ವರಿನ್ ಪೂರ್ತಿಯಾಗಿ ಬರುವ ಮೊದಲ ಸಂಚಿಕೆ. ಸದ್ಯಕ್ಕೆ ಮಾರುವುದಿಲ್ಲ. ಕಾಮಿಕ್ ಎಷ್ಟು ಚೆನ್ನಾಗಿದೆ ಅಂತ ನೋಡಿ ಹತ್ತಕ್ಕೆ ಅಂಕ (ಗ್ರೇಡ್) ಕೊಡುವ ಕಂಪನಿ ಸಿಜಿಸಿಗೆ ಕಳಿಸಿ ಸ್ಲ್ಯಾಬ್ ಮಾಡಿಸಿದರೆ, ಅಂದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಸಿದರೆ, ಲಾಭಾನಾ, ದಂಡಾನಾ?

ಪಿನ್ನಿನ ತುಕ್ಕು:
ಹೋದ ವರ್ಷ ಎಕ್ಸ್-ಮೆನ್ 94 ಕಳಿಸಿದ್ದೆ, ಸಿಜಿಸಿಗಲ್ಲ, ಬೇರೆ ಕಡೆಗೆ. ಲೆಕ್ಕ ಕೇಳಿ. ಪ್ರೆಸ್ಸಿಂಗ್ (ಸುಕ್ಕು ಒತ್ತಿ ಸರಿಮಾಡೋದು) 30 ಡಾಲರ್, ಗ್ರೇಡಿಂಗ್ 90, ಹೋಗಿ ಬರುವ ಪಾರ್ಸಲ್ಲು ಇನ್ಶೂರೆನ್ಸು ಸೇರಿ 58. ಒಟ್ಟು 178. ಐದು ತಿಂಗಳು ಕಾದೆ. 9.0 ಗ್ಯಾರಂಟಿ ಅಂದುಕೊಂಡಿದ್ದೆ, ಬಂದದ್ದು 7.5! ಬೆನ್ನಿನುದ್ದಕ್ಕೂ ಬಣ್ಣ ಒಡೆದ ಬಿಳಿ ಗೆರೆಗಳು, ಕೆಳಗಿನ ಪಿನ್ನಿನ ಹತ್ತಿರ ಸಾಸಿವೆಯಷ್ಟು ತುಕ್ಕು. ಟ್ಯೂಬ್‌ಲೈಟಲ್ಲಿ ಕಂಡಿರಲಿಲ್ಲ. ಮೊಬೈಲ್ ಟಾರ್ಚನ್ನು ಅಡ್ಡಕ್ಕೆ ಹಿಡಿದು ನೋಡಬೇಕಿತ್ತು.

ನೇರಳೆ ಲೇಬಲ್:
7.5ಕ್ಕೇ ಇಷ್ಟು ಗೋಳಾ? ನಾನು 700 ಡಾಲರ್ ಕೊಟ್ಟು ಒಂದು ಹಳೇ ಕಾಮಿಕ್ ತಗೊಂಡೆ. ಮಾರಿದವನು ಒರಿಜಿನಲ್ ಅಂತ ಆಣೆ ಹಾಕಿದ್ದ. ಗ್ರೇಡ್ ಆಗಿ ಬಂದಾಗ ನೇರಳೆ ಲೇಬಲ್, ಅಂದರೆ ರಿಪೇರಿ ಮಾಡಿದ್ದು. ಕಪ್ಪು ಅಂಚಿಗೆ ಯಾರೋ ಮಾರ್ಕರ್ ತೀಡಿದ್ದರು. ಕೊನೆಗೆ 260ಕ್ಕೆ ಕೊಟ್ಟೆ. ಅವತ್ತಿನಿಂದ ಸ್ಲ್ಯಾಬ್ ಇಲ್ಲದ್ದನ್ನು ಮುಟ್ಟುವುದಿಲ್ಲ. ಅಂದಹಾಗೆ 1974ರ ಬಹಳಷ್ಟು ಮಾರ್ವೆಲ್‌ಗಳಲ್ಲಿ ಓದುಗರ ಪತ್ರಗಳ ಪುಟದಲ್ಲಿ ವ್ಯಾಲ್ಯೂ ಸ್ಟ್ಯಾಂಪ್ ಅಂತ ಅಚ್ಚು ಹಾಕಿದ ಚಿಕ್ಕ ಚಿತ್ರ ಇರುತ್ತೆ, ಮಕ್ಕಳು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ನಿಮ್ಮದರಲ್ಲಿ ಇದೆಯಾ ನೋಡಿ.

ಅವೆನ್ಯೂ ರೋಡ್ ಹುಳು:
ಓದಕ್ಕಾಗದ ಪುಸ್ತಕಕ್ಕೆ ಡಬ್ಬಿ ಬೇರೆ ಕೇಡು! ತೆರೆದರೆ ಗ್ರೇಡೂ ಹೋಯ್ತು. ನನ್ನ ಹತ್ತಿರ ಕನ್ನಡದ ಇಂದ್ರಜಾಲ ಕಾಮಿಕ್ಸ್ 43 ಇವೆ. ಒಂದು ಫ್ಯಾಂಟಮ್ ಮೇಲೆ ನಮ್ಮಕ್ಕ ಹಸಿರು ಇಂಕಲ್ಲಿ ಹೆಸರು, ಕ್ಲಾಸು, ಸೆಕ್ಷನ್ ಎಲ್ಲ ಬರೆದಿದ್ದಾಳೆ. ಅದಕ್ಕೆ ಅಂಕ ಕಳೆಯೋಕೆ ಅವರ್ಯಾರು?

ನೇರಳೆ ಲೇಬಲ್:
ಹುಳು ಅವರೇ, ನೀವು "ಒಳ್ಳೆ ಕಂಡೀಶನ್" ಅಂತ ನನಗೆ ಮಾರಿದ ಮ್ಯಾಂಡ್ರೇಕ್‌ನಲ್ಲಿ ನಡುವಿನ ನಾಲ್ಕು ಪುಟ ಇರಲಿಲ್ಲ. ಗ್ರೇಡಿಂಗ್ ಬೇಕಾಗೋದೇ ನಿಮ್ಮಂಥವರಿಂದ.

ಅವೆನ್ಯೂ ರೋಡ್ ಹುಳು:
ಫೋಟೋ ಕಳಿಸಿದ್ದೆ ಸ್ವಾಮಿ, ನೋಡಿಯೇ ತಗೊಂಡಿರಿ. ಆಮೇಲೆ ಅದಕ್ಕೆ ಸೆಲ್ಲೋಟೇಪ್ ಹಚ್ಚಿದವರು ಯಾರು?

ಪಿನ್ನಿನ ತುಕ್ಕು:
ಟೇಪಾ? ಅಯ್ಯೋ. ಹತ್ತು ವರ್ಷಕ್ಕೆ ಹಳದಿ ಕಲೆ ಗ್ಯಾರಂಟಿ.

ನೇರಳೆ ಲೇಬಲ್:
ಟೇಪ್ ಮೊದಲೇ ಇತ್ತು!

ಎಡಿಸನ್ ಕನ್ನಡಿಗ:
ಈಗ ತೆಗೆದು ನೋಡಿದೆ. ಪತ್ರಗಳ ಪುಟದಲ್ಲಿ ಅಂಚೆಚೀಟಿಯಷ್ಟು ಕಿಂಡಿ. ಆಚೆ ಕಡೆಯ ಪುಟ ಕಾಣ್ತಿದೆ. ಈಗಲೂ ಕಳಿಸಲಾ?

ಅವೆನ್ಯೂ ರೋಡ್ ಹುಳು:
ಮೊದಲೇ ಇತ್ತಂತೆ. ನಾನು ಕಳಿಸಿದ ಫೋಟೋ ಇನ್ನೂ ಇದೆ, ಹಾಕಲಾ?